ವಾಲ್ವ್ ಕೆಂಪಾಗುತ್ತಿದೆಯಾ? ಮನೆಯಲ್ಲಿ ಕಟ್ಟಿದ ಗಿಟಾರ್ ಆಂಪ್‌ನ ದೋಷ ಹುಡುಕುವ ಸಮಗ್ರ ಮಾರ್ಗದರ್ಶಿ

ಪವರ್ ವಾಲ್ವ್ (ಸ್ಪೀಕರ್ ನಡೆಸುವಷ್ಟು ಶಕ್ತಿ ಕೊಡುವ ಗಾಜಿನ ನಿರ್ವಾತ ನಳಿಕೆ) ಕೆಂಪಗೆ ಕಾದ ತಕ್ಷಣ ಹೆಚ್ಚಿನವರು ಮಾಡುವ ಮೊದಲ ಕೆಲಸ ಹೊಸ ಜೋಡಿ ತರಿಸೋದು. ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ವಾಲ್ವ್ ತಾನಾಗಿಯೇ ಕೆಟ್ಟು ಕೆಂಪಾಗುವುದು ಕಡಿಮೆ. ಅದರ ಗ್ರಿಡ್‌ಗೆ (ಕರೆಂಟನ್ನು ಹಿಡಿತದಲ್ಲಿಡುವ ಒಳಗಿನ ತಂತಿ ಜಾಲರಿ) ಸಿಗಬೇಕಾದ ಮೈನಸ್ ವೋಲ್ಟೇಜ್, ಅಂದರೆ ಬಯಾಸ್, ಸಿಗದೆ ಕೆಂಪಾಗುವುದೇ ಜಾಸ್ತಿ. ಆ ದೋಷ ಹಾಗೇ ಉಳಿದರೆ ಹೊಸ ಜೋಡಿಯೂ ಅದೇ ದಾರಿ ಹಿಡಿಯುತ್ತದೆ. ಚಿಕ್ಕಮಗಳೂರಿನಲ್ಲಿ ಅಂಗಡಿಗೆ ಹೋಗಿ ಇಎಲ್34 ವಾಲ್ವ್ ಕೊಡಿ ಅಂತ ಕೇಳುವ ಹಾಗಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಬೇಕು, ಇಲ್ಲವೇ ಹೊರದೇಶದಿಂದ ತರಿಸಿ ಕಸ್ಟಮ್ಸ್ ಸುಂಕ ಕಟ್ಟಬೇಕು. ಅಷ್ಟು ಖರ್ಚು ಮಾಡುವ ಮುಂಚೆ ಮಲ್ಟಿಮೀಟರ್ ಹಿಡಿದು ಒಂದು ಭಾನುವಾರದ ಬೆಳಗ್ಗೆ ಕೂತರೆ ಕಾರಣ ಸಿಕ್ಕೇ ಸಿಗುತ್ತದೆ.

ಎರಡು ಇಎಲ್34 ಇರುವ, ಫಿಕ್ಸೆಡ್ ಬಯಾಸ್‌ನ (ಬಯಾಸ್‌ಗೆ ಬೇರೆಯೇ ಸಪ್ಲೈ ಇರುವ) ಮಾರ್ಷಲ್ ಮಾದರಿಯ ಆಂಪ್ ಒಂದನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ನಿಮ್ಮದು 6ವಿ6 ಅಥವಾ ಇಎಲ್84 ಆಗಿದ್ದರೂ ಕ್ರಮ ಇದೇ. ವ್ಯತ್ಯಾಸ ಇರುವ ಕಡೆ ಹೇಳುತ್ತೇನೆ.

ಎಷ್ಟು ಬಿಸಿ ಸಹಜ?

ಪವರ್ ವಾಲ್ವ್ ಮುಟ್ಟಲಾಗದಷ್ಟು ಬಿಸಿಯಾಗುವುದು ದೋಷವಲ್ಲ. ಲೆಕ್ಕ ನೋಡಿ. ಇಎಲ್34ರ ಹೀಟರ್ 6.3 ವೋಲ್ಟ್‌ನಲ್ಲಿ 1.5 ಆಂಪಿಯರ್ ಕರೆಂಟ್ ಎಳೆಯುತ್ತದೆ. ಅಂದರೆ ಹೀಟರ್ ಒಂದೇ 9.45 ವ್ಯಾಟ್. ಸುಮ್ನೆ ಆನ್ ಮಾಡಿಟ್ಟಾಗ ಪ್ಲೇಟ್‌ನಲ್ಲಿ (ಎಲೆಕ್ಟ್ರಾನ್‌ಗಳು ಬಂದು ಸೇರುವ ಹೊರಗಿನ ಲೋಹದ ಕವಚ) ಇನ್ನೊಂದು 15ರಿಂದ 17 ವ್ಯಾಟ್. ಒಟ್ಟಿನಲ್ಲಿ 25 ವ್ಯಾಟ್‌ನ ಸೋಲ್ಡರಿಂಗ್ ಐರನ್ ಒಂದನ್ನು ಗಾಜಿನೊಳಗೆ ಇಟ್ಟ ಹಾಗೆ. ಬಿಸಿ ಆಗದೆ ಇನ್ನೇನು?

ಹೀಟರ್‌ನ ಕಿತ್ತಳೆ ಬೆಳಕೂ ಸಹಜ. ಅದು ಪ್ಲೇಟ್‌ನ ಮೇಲ್ಭಾಗ, ಕೆಳಭಾಗದ ಸಂದಿಯಿಂದ ಇಣುಕುತ್ತದೆ. ಗಾಜಿನ ಒಳಮೈಗೆ ಅಂಟಿಕೊಂಡ ಹಾಗೆ ಕಾಣುವ ತೆಳು ನೀಲಿ ಹೊಳಪಿಗೂ ಹೆದರಬೇಕಿಲ್ಲ. ಮುಂದಿನ ಹಂತದ ಚಿಕ್ಕ ವಾಲ್ವ್‌ಗಳಾದ 12ಎಎಕ್ಸ್7ಗಳಲ್ಲಿ ಕೆಲವು ಆನ್ ಮಾಡಿದ ಕ್ಷಣ ಫಳ್ ಅಂತ ಬೆಳಗಿ ತಣ್ಣಗಾಗುತ್ತವೆ, ಅದೂ ಸರಿಯೇ.

ದೋಷ ಯಾವುದು ಅಂದರೆ, ಬೂದು ಬಣ್ಣದ ಪ್ಲೇಟ್‌ನ ಮೈಯೇ ಕೆಂಪಾಗುವುದು. ಕೋಣೆಯ ಲೈಟ್ ಆರಿಸಿ ನೋಡಿ. ಶುರುವಿನಲ್ಲಿ ಪ್ಲೇಟ್‌ನ ಚಪ್ಪಟೆ ಭಾಗದ ನಡುವೆ ಮಂಕು ಕೆಂಪು ಮಚ್ಚೆ ಕಾಣುತ್ತದೆ. ಬಿಟ್ಟರೆ ಅದು ಅಂಚಿನವರೆಗೂ ಹರಡುತ್ತದೆ. ಕಂಡ ತಕ್ಷಣ ಸ್ಟ್ಯಾಂಡ್‌ಬೈ (ಹೀಟರ್ ಬಿಟ್ಟು ಹೆಚ್ಚಿನ ವೋಲ್ಟೇಜ್ ಮಾತ್ರ ತಡೆಯುವ ಸ್ವಿಚ್) ಹಾಕಿ, ಸ್ಟ್ಯಾಂಡ್‌ಬೈ ಇಲ್ಲದಿದ್ದರೆ ಮೇನ್ಸ್ ಆಫ್ ಮಾಡಿ. ಹಾಗೇ ನೋಡುತ್ತಾ ನಿಂತರೆ ವಾಲ್ವ್ ಜೊತೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕೂಡ ಹೋಗಬಹುದು. ವಾಲ್ವ್ ಮತ್ತೆ ಸಿಗುತ್ತದೆ, ಟ್ರಾನ್ಸ್‌ಫಾರ್ಮರ್ ಸುತ್ತಿಸುವುದು ದೊಡ್ಡ ತಾಪತ್ರಯ.

ಕೈ ಹಾಕುವ ಮುಂಚೆ

ಈ ಭಾಗವನ್ನು ಬಿಟ್ಟು ಮುಂದೆ ಹೋಗಬೇಡಿ. ಒಳಗೆ ಇರುವುದು 400ರಿಂದ 500 ವೋಲ್ಟ್ ಡಿಸಿ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ನಲ್ಲಿ ಅದು ಉಳಿದಿರುತ್ತದೆ. ಕೊಲ್ಲಲು ಅಷ್ಟು ಸಾಕು.

22 ಕೆ ಓಮ್, 10 ವ್ಯಾಟ್‌ನ ಒಂದು ರೆಸಿಸ್ಟರ್‌ಗೆ ಚೆನ್ನಾಗಿ ಇನ್ಸುಲೇಟ್ ಆದ ಎರಡು ವೈರ್, ಎರಡು ಕ್ಲಿಪ್ ಹಾಕಿ ಇಟ್ಟುಕೊಳ್ಳಿ. ಪ್ಲಗ್ ಕಿತ್ತು, ಒಂದು ಕ್ಲಿಪ್ ಷಾಸಿಗೆ (ಆಂಪ್‌ನ ಲೋಹದ ಪೆಟ್ಟಿಗೆ), ಇನ್ನೊಂದು ಮೊದಲ ಫಿಲ್ಟರ್ ಕೆಪಾಸಿಟರ್‌ನ ಪ್ಲಸ್‌ಗೆ. 100 ಮೈಕ್ರೋಫ್ಯಾರಡ್ ಇದ್ದರೆ ಸುಮಾರು 11 ಸೆಕೆಂಡ್‌ನಲ್ಲಿ ಖಾಲಿಯಾಗುತ್ತದೆ. ನೀವು ಅರ್ಧ ನಿಮಿಷ ಬಿಡಿ. ಆಮೇಲೆ ಮೀಟರ್ ಇಟ್ಟು 10 ವೋಲ್ಟ್‌ಗಿಂತ ಕೆಳಗೆ ಬಂದಿದೆಯಾ ಅಂತ ಪ್ರತಿಯೊಂದು ಕೆಪಾಸಿಟರ್‌ನಲ್ಲೂ ನೋಡಿ. ಸ್ಕ್ರೂಡ್ರೈವರ್‌ನಿಂದ ಕಿಡಿ ಹಾರಿಸಿ ಖಾಲಿ ಮಾಡುವ ಅಭ್ಯಾಸ ಬೇಡ.

ಆನ್ ಇದ್ದಾಗ ಅಳೆಯಬೇಕಾದರೆ ಮೀಟರ್‌ನ ಕಪ್ಪು ವೈರನ್ನು ಷಾಸಿಗೆ ಕ್ಲಿಪ್ ಮಾಡಿ. ಒಂದೇ ಕೈಯಿಂದ ಅಳೆಯಿರಿ, ಇನ್ನೊಂದು ಕೈ ಜೇಬಿನಲ್ಲಿರಲಿ. ಕಾಲಿಗೆ ಒಣ ಚಪ್ಪಲಿ, ಪಕ್ಕದಲ್ಲಿ ಮತ್ತೊಬ್ಬರು ಇರಲಿ. ಷಾಸಿಗೆ ಮೂರನೇ ಪಿನ್‌ನ ಅರ್ಥ್ ಬಂದಿದೆಯಾ ಎಂದು ನೋಡಿ. ಹಳೆಯ ಮನೆ, ಎಸ್ಟೇಟ್ ಲೈನ್ ಮನೆಗಳಲ್ಲಿ ಸಾಕೆಟ್‌ನಲ್ಲಿ ಮೂರು ತೂತು ಇದ್ದರೂ ಹಿಂದೆ ಅರ್ಥ್ ವೈರೇ ಇರುವುದಿಲ್ಲ. ಹಾಗಿದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಸ್ಪೀಕರ್ ಇಲ್ಲದೆ ಆಂಪ್ ಆನ್ ಮಾಡಬೇಡಿ.

ಇನ್ನೊಂದು ಬೇಕಾದದ್ದು ಸೀರೀಸ್ ಬೋರ್ಡ್. ರೇಡಿಯೊ, ಟಿವಿ ರಿಪೇರಿ ಅಂಗಡಿಯಲ್ಲಿ ನೋಡಿರುತ್ತೀರಿ, ಲೋಡ್‌ಗೆ ಸರಣಿಯಲ್ಲಿ 60 ಅಥವಾ 100 ವ್ಯಾಟ್‌ನ ಹಳೇ ಫಿಲಮೆಂಟ್ ಬಲ್ಬ್. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಉರಿಯುತ್ತದೆ, ಆಂಪ್ ಉಳಿಯುತ್ತದೆ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬರುವುದಿಲ್ಲ.

ಯಾವಾಗ ಕೆಂಪಾಗುತ್ತದೆ?

ಮೀಟರ್ ಹಿಡಿಯುವ ಮುಂಚೆ ಈ ಪ್ರಶ್ನೆಗೆ ಉತ್ತರ ಬೇಕು. ಅರ್ಧ ದೋಷ ಇಲ್ಲೇ ಗೊತ್ತಾಗುತ್ತದೆ.

ಸ್ಟ್ಯಾಂಡ್‌ಬೈ ತೆಗೆದ ಅರ್ಧ ನಿಮಿಷದೊಳಗೆ ಎರಡೂ ವಾಲ್ವ್ ಒಟ್ಟಿಗೆ ಕೆಂಪಾದರೆ ಬಯಾಸ್ ಸಪ್ಲೈ ಸತ್ತಿದೆ. ಒಂದೇ ವಾಲ್ವ್ ತಕ್ಷಣ ಕೆಂಪಾದರೆ ಆ ಬದಿಯ ಗ್ರಿಡ್‌ಗೆ ಬಯಾಸ್ ತಲುಪುತ್ತಿಲ್ಲ: ಸಾಕೆಟ್ ಪಿನ್ ಸಡಿಲ, ಬೆಸುಗೆ ಹಿಡಿದಿಲ್ಲ, ಅಥವಾ ಬಯಾಸನ್ನು ಗ್ರಿಡ್‌ಗೆ ಒಯ್ಯುವ ಗ್ರಿಡ್ ಲೀಕ್ ರೆಸಿಸ್ಟರ್ ಓಪನ್. ಹತ್ತಿಪ್ಪತ್ತು ನಿಮಿಷ ಚೆನ್ನಾಗಿದ್ದು ನಿಧಾನವಾಗಿ ಒಂದೇ ಬದಿ ಕಾದರೆ ಹಿಂದಿನ ವಾಲ್ವ್‌ನಿಂದ ಸಿಗ್ನಲ್ ತರುವ ಕಪ್ಲಿಂಗ್ ಕೆಪಾಸಿಟರ್ ಲೀಕ್ ಆಗುತ್ತಿದೆ, ಇಲ್ಲವೇ ವಾಲ್ವ್‌ನೊಳಗೆ ಗಾಳಿಯ ಅಂಶ ಇದೆ. ಸುಮ್ನೆ ಇದ್ದಾಗ ಸರಿ ಇದ್ದು ಜೋರಾಗಿ ನುಡಿಸಿದಾಗ ಮಾತ್ರ ಕೆಂಪಾದರೆ ಸ್ಪೀಕರ್ ಇಂಪೆಡೆನ್ಸ್ ಹೊಂದಾಣಿಕೆ ಮತ್ತು ಆಸಿಲೇಷನ್ (ಆಂಪ್ ತಾನಾಗಿಯೇ ಕೂಗಿಕೊಳ್ಳುವುದು) ಕಡೆ ನೋಡಿ.

ವಾಲ್ವ್ ತೆಗೆದು ಅಳೆಯುವುದು

ಈ ಇಡೀ ಕೆಲಸದ ಹೃದಯ ಇದೇ. ಆಫ್ ಮಾಡಿ, ಕೆಪಾಸಿಟರ್ ಖಾಲಿ ಮಾಡಿ, ಎರಡೂ ಪವರ್ ವಾಲ್ವ್ ಕಿತ್ತಿಡಿ. ಮುಂದಿನ ಚಿಕ್ಕ ವಾಲ್ವ್‌ಗಳು ಅಲ್ಲೇ ಇರಲಿ. ಸೀರೀಸ್ ಬೋರ್ಡ್ ಮೂಲಕ ಆನ್ ಮಾಡಿ. ಬಲ್ಬ್ ಒಮ್ಮೆ ಬೆಳಗಿ ಮಂಕಾದರೆ ಸರಿ. ಜೋರಾಗಿಯೇ ಉರಿಯುತ್ತಿದ್ದರೆ ದೋಷ ಪವರ್ ಸಪ್ಲೈನಲ್ಲಿದೆ, ಅದು ಬೇರೆ ಹುಡುಕಾಟ.

ಪವರ್ ವಾಲ್ವ್ ಇಲ್ಲದಾಗ ಎಚ್‌ಟಿ (ಪ್ಲೇಟ್‌ಗೆ ಹೋಗುವ ಹೆಚ್ಚಿನ ಡಿಸಿ ವೋಲ್ಟೇಜ್) ಮಾಮೂಲಿಗಿಂತ ಮೇಲೇರುತ್ತದೆ. 320-0-320 ಟ್ರಾನ್ಸ್‌ಫಾರ್ಮರ್, ಡಯೋಡ್ ರೆಕ್ಟಿಫೈಯರ್ ಇದ್ದರೆ 450 ದಾಟುತ್ತದೆ. ಹಾಗಾಗಿ 450 ವೋಲ್ಟ್‌ನ ಒಂದೇ ಕೆಪಾಸಿಟರ್ ಹಾಕಿದ್ದರೆ ತುಂಬ ಹೊತ್ತು ಬಿಡಬೇಡಿ.

ಆಕ್ಟಲ್ (ಎಂಟು ಪಿನ್‌ನ) ಸಾಕೆಟ್‌ನ ಪಿನ್‌ಗಳು ಹೀಗೆ: 2 ಮತ್ತು 7 ಹೀಟರ್, 3 ಪ್ಲೇಟ್, 4 ಸ್ಕ್ರೀನ್ (ಎರಡನೇ ಗ್ರಿಡ್), 5 ಗ್ರಿಡ್, 8 ಕ್ಯಾಥೋಡ್ (ಎಲೆಕ್ಟ್ರಾನ್ ಹೊರಸೂಸುವ ಭಾಗ). ಇಎಲ್34ರಲ್ಲಿ ಪಿನ್ 1 ಸಪ್ರೆಸರ್ ಗ್ರಿಡ್, ಅದು ಪಿನ್ 8ಕ್ಕೆ ಸೇರಿರಲೇಬೇಕು. 6ಎಲ್6 ನಕ್ಷೆ ನೋಡಿ ಕಟ್ಟಿ ಆಮೇಲೆ ಇಎಲ್34 ಹಾಕಿದವರು ಈ ಒಂದು ವೈರ್ ಮರೆತಿರುತ್ತಾರೆ. ಇಎಲ್84 ಆದರೆ 2 ಗ್ರಿಡ್, 3 ಕ್ಯಾಥೋಡ್, 7 ಪ್ಲೇಟ್, 9 ಸ್ಕ್ರೀನ್.

ಈಗ ಎರಡೂ ಸಾಕೆಟ್‌ನ ಪಿನ್ 5ರಲ್ಲಿ ಡಿಸಿ ಅಳೆಯಿರಿ. ಇಎಲ್34 ಆಂಪ್‌ನಲ್ಲಿ ಮೈನಸ್ 35ರಿಂದ ಮೈನಸ್ 42ರ ಹತ್ತಿರ ಬರಬೇಕು. ಸೀರೀಸ್ ಬಲ್ಬ್ ಇರುವುದರಿಂದ ತುಸು ಕಡಿಮೆ ಕಾಣಬಹುದು. ಮುಖ್ಯವಾದದ್ದು ಎರಡೂ ಕಡೆ ಒಂದೇ ಸಂಖ್ಯೆ ಬರುವುದು. ಡಿಜಿಟಲ್ ಮೀಟರನ್ನೇ ಬಳಸಿ. ಮುಳ್ಳಿನ ಹಳೇ ಮೀಟರ್ 50 ವೋಲ್ಟ್ ರೇಂಜ್‌ನಲ್ಲಿ ಒಂದು ಮೆಗ್ ಓಮ್‌ನಷ್ಟೇ ಇರುತ್ತದೆ, 220 ಕೆ ಗ್ರಿಡ್ ಲೀಕ್ ಮೇಲೆ ಅದು ತಾನೇ ವೋಲ್ಟೇಜ್ ಎಳೆದು ಸುಳ್ಳು ಹೇಳುತ್ತದೆ.

ಪಿನ್ 3 ಮತ್ತು ಪಿನ್ 4ರಲ್ಲೂ ಎಚ್‌ಟಿ ಇದೆಯಾ ನೋಡಿ. ಪಿನ್ 4ರಲ್ಲಿ ಇದ್ದು 3ರಲ್ಲಿ ಇಲ್ಲದಿದ್ದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಆ ಅರ್ಧ ತುಂಡಾಗಿದೆ. ಆಗ ಕರೆಂಟೆಲ್ಲ ಸ್ಕ್ರೀನ್‌ಗೆ ಹೋಗಿ, ಪ್ಲೇಟ್ ಬೂದಾಗಿಯೇ ಇದ್ದು ಒಳಗಿನ ಸಣ್ಣ ತಂತಿ ಸುರುಳಿ ಉರಿಯುತ್ತದೆ.

ಎರಡೂ ಕಡೆ ಬಯಾಸ್ ಇಲ್ಲದಿದ್ದರೆ

ಬಯಾಸ್ ಸರ್ಕ್ಯೂಟ್ ಚಿಕ್ಕದು: ಟ್ರಾನ್ಸ್‌ಫಾರ್ಮರ್ ಟ್ಯಾಪ್, ಡಯೋಡ್, ಎರಡು ಕೆಪಾಸಿಟರ್, ಒಂದು ಟ್ರಿಮ್ ಪಾಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್). ಹೊಸದಾಗಿ ಕಟ್ಟಿದ ಆಂಪ್‌ನಲ್ಲಿ ಎರಡು ತಪ್ಪು ಪದೇಪದೇ ಕಾಣುತ್ತವೆ. ಒಂದು, ಡಯೋಡ್ ತಿರುಗಿರುವುದು. ನಮಗೆ ಮೈನಸ್ ಬೇಕು, ಆದ್ದರಿಂದ ಡಯೋಡ್‌ನ ಪಟ್ಟಿ ಇರುವ ತುದಿ ಟ್ರಾನ್ಸ್‌ಫಾರ್ಮರ್ ಕಡೆಗಿರಬೇಕು. ಎರಡು, ಕೆಪಾಸಿಟರ್ ಉಲ್ಟಾ. ಇಲ್ಲಿ ಕೆಪಾಸಿಟರ್‌ನ ಪ್ಲಸ್ ಷಾಸಿಗೆ ಹೋಗುತ್ತದೆ. ಉಳಿದೆಲ್ಲ ಕಡೆ ಮೈನಸ್ ಷಾಸಿಗೆ ಹಾಕಿ ರೂಢಿಯಾದ ಕೈ ಇಲ್ಲೂ ಹಾಗೇ ಹಾಕಿಬಿಡುತ್ತದೆ.

ಪಾಟ್ ತಿರುಗಿಸುವಾಗ ವೋಲ್ಟೇಜ್ ನಡುನಡುವೆ ಜಿಗಿದರೆ ಅದನ್ನು ಬದಲಿಸಿ. ಪಾಟ್‌ನ ಒಳಗಿನ ಸಂಪರ್ಕ ಬಿಟ್ಟುಹೋದರೂ ಬಯಾಸ್ ಹೆಚ್ಚು ಮೈನಸ್ ಕಡೆಗೆ ಹೋಗುವಂತೆ ಸರ್ಕ್ಯೂಟ್ ಜೋಡಿಸುವುದು ಒಳ್ಳೆಯದು. ಆಗ ದೋಷ ಬಂದರೆ ಸದ್ದು ಕೆಡುತ್ತದೆ, ವಾಲ್ವ್ ಸುಡುವುದಿಲ್ಲ.

ಒಂದೇ ಕಡೆ ಕಡಿಮೆ ಬಂದರೆ

ಒಂದು ಕಡೆ ಮೈನಸ್ 38, ಇನ್ನೊಂದು ಕಡೆ ಮೈನಸ್ 33. ಐದು ವೋಲ್ಟ್ ತಾನೇ ಅಂತ ಬಿಡಬೇಡಿ. ಇಎಲ್34ರಲ್ಲಿ ಅಷ್ಟು ಸಾಕು ಕರೆಂಟ್ ದುಪ್ಪಟ್ಟಿನ ಹತ್ತಿರ ಹೋಗಲು.

ಐದು ವೋಲ್ಟ್ ಎಲ್ಲಿಂದ ಬಂತು? ಹಿಂದಿನ ವಾಲ್ವ್‌ನ ಪ್ಲೇಟ್‌ನಲ್ಲಿ ಸುಮಾರು 200 ವೋಲ್ಟ್ ಡಿಸಿ ಇರುತ್ತದೆ. ಅದನ್ನು ತಡೆದು ಸಿಗ್ನಲ್ ಮಾತ್ರ ಬಿಡುವುದು ಕಪ್ಲಿಂಗ್ ಕೆಪಾಸಿಟರ್‌ನ ಕೆಲಸ. ಅದು 10 ಮೆಗ್ ಓಮ್‌ನಷ್ಟು ಲೀಕ್ ಆದರೂ 23 ಮೈಕ್ರೋಆಂಪ್ ಹರಿಯುತ್ತದೆ, 220 ಕೆ ಗ್ರಿಡ್ ಲೀಕ್ ಮೇಲೆ ಅದು 5 ವೋಲ್ಟ್ ಆಗುತ್ತದೆ. ಮಲ್ಟಿಮೀಟರ್‌ನ ಓಮ್ ರೇಂಜ್‌ನಲ್ಲಿ ಕೆಪಾಸಿಟರ್ ಸರಿ ಇದೆ ಅಂತಲೇ ತೋರಬಹುದು, ಏಕೆಂದರೆ ಅಲ್ಲಿ 200 ವೋಲ್ಟ್ ಒತ್ತಡ ಇರುವುದಿಲ್ಲ. ಆದ್ದರಿಂದ ಸರ್ಕ್ಯೂಟ್‌ನಲ್ಲೇ ಪರೀಕ್ಷಿಸಿ. ಆಫ್ ಮಾಡಿ, ಖಾಲಿ ಮಾಡಿ, ಕೆಪಾಸಿಟರ್‌ನ ಗ್ರಿಡ್ ಕಡೆಯ ಕಾಲು ಬಿಡಿಸಿ ಗಾಳಿಯಲ್ಲಿ ನಿಲ್ಲಿಸಿ, ಮತ್ತೆ ಆನ್ ಮಾಡಿ. ಪಿನ್ 5 ಮೈನಸ್ 38ಕ್ಕೆ ಬಂದರೆ ಕಳ್ಳ ಸಿಕ್ಕಿದ. 630 ವೋಲ್ಟ್‌ನ ಹೊಸ ಫಿಲ್ಮ್ ಕೆಪಾಸಿಟರ್ ಹಾಕಿ. ಹಳೇ ವಾಲ್ವ್ ರೇಡಿಯೊದಿಂದ ಬಿಚ್ಚಿದ ಪೇಪರ್ ಕೆಪಾಸಿಟರ್‌ಗಳನ್ನು ಈ ಜಾಗಕ್ಕೆ ಹಾಕಲೇಬಾರದು.

ಕಾಲು ಬಿಡಿಸಿದರೂ ಕಡಿಮೆಯೇ ಬಂದರೆ? ಆಗ ಮಲೆನಾಡಿನವರು ಬೋರ್ಡ್ ಕಡೆ ನೋಡಬೇಕು.

ಮಳೆಗಾಲ ಮತ್ತು ಬೋರ್ಡ್

ಮೂಡಿಗೆರೆ ಕಡೆಯ ತೋಟದ ಮನೆಯ ಸ್ನೇಹಿತರೊಬ್ಬರು ಜುಲೈ ತಿಂಗಳಲ್ಲಿ ಆಂಪ್ ತಂದರು. "ಬೇಸಿಗೆಯಲ್ಲಿ ಚೆನ್ನಾಗೇ ಇತ್ತು ಸಾರ್. ಕೆಪಾಸಿಟರ್ ಹೊಸದು, ವಾಲ್ವೂ ಹೊಸದು. ಆದ್ರೂ ಬಲಗಡೇದು ಕೆಂಪಾಗುತ್ತೆ" ಅಂದರು. ಕೆಲಸ ಅಚ್ಚುಕಟ್ಟಾಗಿತ್ತು. ಹಳೇ ಆಂಪ್‌ಗಳ ಹಾಗೇ ಇರಬೇಕೆಂದು ಕಪ್ಪು ಫೈಬರ್ ಬೋರ್ಡ್ ಮೇಲೆ ಐಲೆಟ್ (ಬೆಸುಗೆ ಹಾಕುವ ಲೋಹದ ಪುಟ್ಟ ಬಳೆ) ಹೊಡೆದು ಕಟ್ಟಿದ್ದರು. ಪಿನ್ 5ರಲ್ಲಿ ಬಲಗಡೆ ಮೈನಸ್ 31, ಎಡಗಡೆ ಮೈನಸ್ 38. ಕಪ್ಲಿಂಗ್ ಕೆಪಾಸಿಟರ್ ಕಾಲು ಬಿಡಿಸಿದೆವು. ಮೈನಸ್ 31ರಲ್ಲೇ ನಿಂತಿತು.

ಆಗ ಮೀಟರ್‌ನ ಕೆಂಪು ಮೊನೆಯನ್ನು ಯಾವ ಐಲೆಟ್‌ಗೂ ತಾಗಿಸದೆ, ಬರೀ ಬೋರ್ಡ್‌ನ ಮೈ ಮೇಲೆ ಒತ್ತಿ ಹಿಡಿದೆ. ಏನೂ ಬರಬಾರದ ಜಾಗದಲ್ಲಿ ಮೂರ್ನಾಲ್ಕು ವೋಲ್ಟ್. ಎಚ್‌ಟಿ ಐಲೆಟ್ ಕಡೆಗೆ ಸರಿಸಿದ ಹಾಗೆ ಏರುತ್ತಾ ಹೋಯಿತು. ಫೈಬರ್ ಬೋರ್ಡ್ ತೇವ ಹೀರಿಕೊಂಡು ತಾನೇ ರೆಸಿಸ್ಟರ್ ಆಗಿಬಿಟ್ಟಿತ್ತು. ಹೇರ್ ಡ್ರೈಯರ್‌ನಿಂದ ಬಿಸಿಗಾಳಿ ಹೊಡೆದು ಸ್ವಲ್ಪ ಹೊತ್ತು ಬಿಟ್ಟು ಅಳೆದರೆ ಮೈನಸ್ 37. ದೋಷ ಖಚಿತವಾಯಿತು.

ಒಣಗಿಸುವುದು ಪರೀಕ್ಷೆ ಅಷ್ಟೇ, ಪರಿಹಾರ ಅಲ್ಲ. ಮುಂದಿನ ವಾರ ಮತ್ತೆ ತೇವ ಹೀರುತ್ತದೆ. ಗ್ರಿಡ್ ಲೀಕ್, ಕಪ್ಲಿಂಗ್ ಕೆಪಾಸಿಟರ್ ಮತ್ತು ಗ್ರಿಡ್ ಸ್ಟಾಪರ್ (ಗ್ರಿಡ್‌ಗೆ ಸರಣಿಯಲ್ಲಿರುವ ರೆಸಿಸ್ಟರ್) ಸೇರುವ ಆ ಒಂದು ಕೂಡುವ ಜಾಗವನ್ನು ಬೋರ್ಡ್‌ನಿಂದ ಎತ್ತಿ, ಪಿಂಗಾಣಿ ಸ್ಟ್ಯಾಂಡ್‌ಆಫ್ ಮೇಲೆ ಕಟ್ಟಿದೆವು. ಅದಾದ ಮೇಲೆ ಎರಡೂ ಕಡೆ ಸಮ. ಹೊಸದಾಗಿ ಕಟ್ಟುವವರಿಗೆ ನನ್ನ ಮಾತು ಇಷ್ಟೇ: ನಮ್ಮ ಊರಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಹವೆಗೆ ಕಪ್ಪು ಫೈಬರ್ ಬೋರ್ಡ್ ಬೇಡ. ಗ್ಲಾಸ್ ಎಪಾಕ್ಸಿ ಬೋರ್ಡ್ ಹಾಕಿ. ನೋಡೋಕೆ ಹಳೇ ಆಂಪ್ ಥರ ಇರಲ್ಲ, ಆದರೆ ಮಳೆಗಾಲದಲ್ಲೂ ನುಡಿಯುತ್ತದೆ.

ತೇವದ ದೋಷ ಗುರುತಿಸಲು ಇನ್ನೊಂದು ದಾರಿ ಇದೆ. ಕೆಪಾಸಿಟರ್ ಲೀಕ್ ಬಿಸಿಯಾದಷ್ಟೂ ಹೆಚ್ಚುತ್ತದೆ. ತೇವದ ಲೀಕ್ ಆನ್ ಮಾಡಿದಾಗಲೇ ಜಾಸ್ತಿ ಇದ್ದು, ಗಂಟೆ ಹೊತ್ತು ಓಡಿದ ಮೇಲೆ ತುಸು ಇಳಿಯುತ್ತದೆ. ಸಾಕೆಟ್ ಮೇಲೆ ಬೂಷ್ಟು, ಧೂಳು ಕೂತಿದ್ದರೆ ಐಸೋಪ್ರೊಪಿಲ್ ಆಲ್ಕೋಹಾಲ್ ಮತ್ತು ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು, ಪೂರ್ತಿ ಒಣಗಿಸಿ ಅಳೆಯಿರಿ.

ಅದಲು ಬದಲು ಮಾಡಿ ನೋಡಿ

ಪಿನ್ 5 ಎರಡೂ ಕಡೆ ಸರಿ ಇದ್ದ ಮೇಲೆ ಮಾತ್ರ ವಾಲ್ವ್ ಹಾಕಿ. ಎರಡನ್ನೂ ಅದಲು ಬದಲು ಮಾಡಿ. ಕೆಂಪು ವಾಲ್ವ್ ಜೊತೆ ಹೋದರೆ ದೋಷ ವಾಲ್ವ್‌ನದೇ. ಕೆಂಪು ಅದೇ ಸಾಕೆಟ್‌ನಲ್ಲಿ ಉಳಿದರೆ ಸರ್ಕ್ಯೂಟ್‌ನದು: ಸಾಕೆಟ್‌ನ ಪಿನ್ ಹಿಡಿತ ಸಡಿಲವಾಗಿರಬಹುದು. ಮೊನಚಾದ ಸಣ್ಣ ಉಪಕರಣದಿಂದ ಸಂಪರ್ಕವನ್ನು ಬಿಗಿ ಮಾಡಿ, ಪಿನ್ 5ರ ಬೆಸುಗೆಯನ್ನು ಮತ್ತೊಮ್ಮೆ ಕಾಯಿಸಿ.

ವಾಲ್ವ್‌ನದೇ ದೋಷ ಅನ್ನಲು ಕಣ್ಣಿಗೆ ಕಾಣುವ ಗುರುತೂ ಇದೆ. ಗಾಜಿನೊಳಗಿನ ಬೆಳ್ಳಿಯಂಥ ಲೇಪ ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಗಾಳಿ ಹೊಕ್ಕಿದೆ, ಅದರ ಕಥೆ ಮುಗಿಯಿತು. ಲೋಹದ ಭಾಗಗಳ ನಡುವೆ ನೇರಳೆ ಮಂಜು ತುಂಬಿದ್ದರೆ ಒಳಗೆ ಅನಿಲ ಇದೆ. ಅಂಥ ವಾಲ್ವ್ ಗ್ರಿಡ್ ಕರೆಂಟ್ ಹರಿಸಿ, ತನ್ನ ಬಯಾಸನ್ನು ತಾನೇ ಕೆಡಿಸಿಕೊಂಡು, ಬಿಸಿಯಾಗುತ್ತಾ ಹೋಗುತ್ತದೆ. ಗ್ರಿಡ್ ಲೀಕ್ ಜಾಗದಲ್ಲಿ 220 ಕೆ ಬದಲು 1 ಮೆಗ್ ಹಾಕಿದ್ದರೆ ಒಳ್ಳೆಯ ವಾಲ್ವ್‌ಗೂ ಇದೇ ಗತಿ.

ಕರೆಂಟ್ ಅಳೆದು ಲೆಕ್ಕ ಹಾಕಿ

ಕಣ್ಣಿಗೆ ಕೆಂಪು ಕಾಣದಿದ್ದರೂ ವಾಲ್ವ್ ಮಿತಿ ಮೀರಿ ಕಾಯುತ್ತಿರಬಹುದು. ಪ್ರತಿ ವಾಲ್ವ್‌ನ ಪಿನ್ 8 ಮತ್ತು ಷಾಸಿ ನಡುವೆ 1 ಓಮ್, 1 ಶೇಕಡ ನಿಖರತೆಯ ರೆಸಿಸ್ಟರ್ ಹಾಕಿ. ಅದರ ಮೇಲೆ ಬರುವ ಒಂದು ಮಿಲಿವೋಲ್ಟ್ ಅಂದರೆ ಒಂದು ಮಿಲಿಆಂಪ್. ಇದು ಆಂಪ್‌ನಲ್ಲಿ ಕಾಯಂ ಇರಲಿ.

ಪ್ಲೇಟ್ ತಾಳುವ ಗರಿಷ್ಠ: ಇಎಲ್34ಕ್ಕೆ 25 ವ್ಯಾಟ್, 6ಎಲ್6ಜಿಸಿಗೆ 30, ಇಎಲ್84ಕ್ಕೆ 12, 6ವಿ6ಗೆ 12ರಿಂದ 14. ಫಿಕ್ಸೆಡ್ ಬಯಾಸ್‌ನಲ್ಲಿ ಸುಮ್ನೆ ಇರುವಾಗ ಇದರ 70 ಶೇಕಡ ದಾಟಬಾರದು. ಇಎಲ್34ರ 70 ಶೇಕಡ 17.5 ವ್ಯಾಟ್. ಪ್ಲೇಟ್‌ನಲ್ಲಿ 440 ವೋಲ್ಟ್ ಇದ್ದರೆ 17.5 ಭಾಗಿಸು 440, ಅಂದರೆ ಸುಮಾರು 40 ಮಿಲಿಆಂಪ್. ಕ್ಯಾಥೋಡ್‌ನ ಓದಿನಲ್ಲಿ ಸ್ಕ್ರೀನ್ ಕರೆಂಟ್ ಕೂಡ ಸೇರಿರುತ್ತದೆ, ಆದ್ದರಿಂದ 40 ಮಿಲಿವೋಲ್ಟ್ ಇಟ್ಟರೆ ಪ್ಲೇಟ್ ತುಸು ಕೆಳಗೇ ಇರುತ್ತದೆ. ನಾನು 35ರಿಂದ 38ಕ್ಕೆ ನಿಲ್ಲಿಸುತ್ತೇನೆ. ಸದ್ದಿನಲ್ಲಿ ವ್ಯತ್ಯಾಸ ಕೇಳಿಸದು, ವಾಲ್ವ್ ಬಾಳಿಕೆ ಬರುತ್ತದೆ.

ಫೆಂಡರ್‌ನ ಹಳೇ ಡಿಲಕ್ಸ್ ಮಾದರಿಯಂಥ ಕ್ಯಾಥೋಡ್ ಬಯಾಸ್ (ಕ್ಯಾಥೋಡ್‌ನ ರೆಸಿಸ್ಟರ್‌ನಿಂದಲೇ ಬಯಾಸ್ ಹುಟ್ಟುವ) ಆಂಪ್‌ನಲ್ಲಿ ಎರಡು 6ವಿ6ಗೆ ಸೇರಿ ಒಂದು 250 ಓಮ್ ರೆಸಿಸ್ಟರ್ ಇರುತ್ತದೆ. ಅದರ ಮೇಲೆ 24 ವೋಲ್ಟ್ ಬಂದರೆ ಒಟ್ಟು 96 ಮಿಲಿಆಂಪ್, ಒಂದಕ್ಕೆ 48. ಸ್ಕ್ರೀನ್‌ನದು 3 ಕಳೆದು 45 ಅನ್ನಿ. ಪ್ಲೇಟ್‌ನಿಂದ ಕ್ಯಾಥೋಡ್‌ಗೆ 346 ವೋಲ್ಟ್ ಇದ್ದರೆ 15.6 ವ್ಯಾಟ್. ಇದು ಜಾಸ್ತಿಯಾಯಿತು. ರೆಸಿಸ್ಟರನ್ನು 330 ಓಮ್‌ಗೆ ಏರಿಸಿ, ಮತ್ತೆ ಅಳೆಯಿರಿ. ಈ ಬಗೆಯ ಆಂಪ್‌ನಲ್ಲಿ ಪಿನ್ 5ರಲ್ಲಿ ಸೊನ್ನೆ ಬರುವುದೇ ಸರಿ. ಕ್ಯಾಥೋಡ್‌ನಲ್ಲಿ ಸೊನ್ನೆ ಬಂದು ವಾಲ್ವ್ ಕೆಂಪಾದರೆ ಆ ರೆಸಿಸ್ಟರ್‌ಗೆ ಸಮಾಂತರವಾಗಿರುವ ಬೈಪಾಸ್ ಕೆಪಾಸಿಟರ್ ಶಾರ್ಟ್ ಆಗಿದೆ.

ಮನೆಯ ವೋಲ್ಟೇಜ್

ಲೈನ್‌ನ ಕೊನೆಯಲ್ಲಿರುವ ಮನೆಗಳಲ್ಲಿ ಸಂಜೆ ವೋಲ್ಟೇಜ್ ಇಳಿದು, ಊರು ಮಲಗಿದ ಮೇಲೆ ಏರುವುದು ಗೊತ್ತಿರುವ ವಿಷಯ. ನಿಮ್ಮ ಟ್ರಾನ್ಸ್‌ಫಾರ್ಮರ್ 220 ವೋಲ್ಟ್‌ಗೆ ಸುತ್ತಿದ್ದು, ರಾತ್ರಿ 245 ಬಂದರೆ ಏನಾಗುತ್ತದೆ ನೋಡಿ. 440ರ ಎಚ್‌ಟಿ 490 ಆಗುತ್ತದೆ. 6.3ರ ಹೀಟರ್ 7.0 ಆಗುತ್ತದೆ. ಹೀಟರ್‌ನ ಮೇಲಿನ ಮಿತಿ 10 ಶೇಕಡ ಹೆಚ್ಚು, ಅಂದರೆ 6.93. ಅದನ್ನೂ ದಾಟಿತು. ಸಂಜೆ ಬಯಾಸ್ ಹೊಂದಿಸಿ ರಾತ್ರಿ ನುಡಿಸಿದರೆ ಲೆಕ್ಕ ತಪ್ಪುವುದು ಹೀಗೆ. ನೀವು ನುಡಿಸುವ ಹೊತ್ತಿನಲ್ಲೇ ಅಳೆಯಿರಿ. ಟ್ರಾನ್ಸ್‌ಫಾರ್ಮರ್‌ನಲ್ಲಿ 240 ಟ್ಯಾಪ್ ಇದ್ದರೆ ಅದನ್ನೇ ಬಳಸಿ, ಇಲ್ಲದಿದ್ದರೆ ಸ್ಟೆಬಿಲೈಜರ್ ಇಡಿ. ಕರೆಂಟ್ ಹೋಗಿ ಸ್ಕ್ವೇರ್ ವೇವ್ ಯುಪಿಎಸ್ ಮೇಲೆ ಓಡುವಾಗ ಬಯಾಸ್ ಹೊಂದಿಸಬೇಡಿ. ಅದರ ಅಲೆಯ ತುದಿ ಮೇನ್ಸ್‌ಗಿಂತ ಕೆಳಗಿರುವುದರಿಂದ ಎಚ್‌ಟಿ ಕಡಿಮೆ ತೋರುತ್ತದೆ. ಅಮೆರಿಕದ ಕಿಟ್ ಆದರೆ 110ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಇಟ್ಟರೂ 50 ಹರ್ಟ್ಸ್ ಬದಲಾಗುವುದಿಲ್ಲ. 60 ಹರ್ಟ್ಸ್‌ಗೆ ಮಾತ್ರ ಮಾಡಿದ ಟ್ರಾನ್ಸ್‌ಫಾರ್ಮರ್ ಇಲ್ಲಿ ಹೆಚ್ಚು ಕಾಯುತ್ತದೆ.

ಕೇಳಿಸದ ಕೂಗು

ಬಯಾಸ್, ಕೆಪಾಸಿಟರ್, ವಾಲ್ವ್ ಎಲ್ಲ ಸರಿ ಇದ್ದೂ ಕೆಂಪಾದರೆ ಆಂಪ್ ಕಿವಿಗೆ ಕೇಳಿಸದ ಎತ್ತರದಲ್ಲಿ ಆಸಿಲೇಟ್ ಆಗುತ್ತಿರಬಹುದು. ಗಿಟಾರ್ ಕೇಬಲ್ ಕಿತ್ತು, ಮೀಟರನ್ನು 1 ಓಮ್ ಮೇಲಿಟ್ಟು ವಾಲ್ಯೂಮ್, ಟ್ರೆಬಲ್ ನಿಧಾನವಾಗಿ ಏರಿಸಿ. ಸದ್ದೇ ಇಲ್ಲದೆ ಕರೆಂಟ್ 38ರಿಂದ 60, 70ಕ್ಕೆ ಜಿಗಿದರೆ ಅದೇ ದೋಷ. ಚೆನ್ನಾಗಿ ಒಣಗಿದ ಬಿದಿರು ಕಡ್ಡಿಯಿಂದ ವೈರ್‌ಗಳನ್ನು ಒಂದೊಂದಾಗಿ ಸರಿಸುತ್ತಾ ಮೀಟರ್ ನೋಡಿ. ಯಾವ ವೈರ್ ಸರಿಸಿದಾಗ ಕರೆಂಟ್ ಇಳಿಯುತ್ತದೋ ಅದನ್ನು ಪ್ಲೇಟ್ ವೈರ್‌ಗಳಿಂದ ದೂರ ಕಟ್ಟಿ. ಗ್ರಿಡ್ ಸ್ಟಾಪರ್ ಬೋರ್ಡ್ ಮೇಲಲ್ಲ, ಪಿನ್ 5ರ ಮೇಲೇ ಇರಬೇಕು, 1.5 ಕೆಯಿಂದ 5.6 ಕೆವರೆಗೆ. ಸ್ಕ್ರೀನ್‌ಗೆ 1 ಕೆ, 5 ವ್ಯಾಟ್ ಹಾಕಿ. ಮೊದಲ ಸಲ ಆನ್ ಮಾಡಿದಾಗಲೇ ಆಂಪ್ ಜೋರಾಗಿ ಕಿರುಚಿದರೆ ಔಟ್‌ಪುಟ್‌ನಿಂದ ಹಿಂದಕ್ಕೆ ಬರುವ ಫೀಡ್‌ಬ್ಯಾಕ್ ಉಲ್ಟಾ ಇದೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಎರಡು ಪ್ಲೇಟ್ ವೈರ್ ಅದಲು ಬದಲು ಮಾಡಿ.

ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವ್ ಕಾದರೆ ಅದರ ಮುಂದಿನ ಮೊದಲ ಕೆಪಾಸಿಟರ್ ನೋಡಿ. ಜಿಝಡ್34 ತಾಳುವುದು 60 ಮೈಕ್ರೋಫ್ಯಾರಡ್‌ವರೆಗೆ, 5ವೈ3 ಅದಕ್ಕಿಂತ ಬಹಳ ಕಡಿಮೆ. ಹಮ್ ಹೋಗಲಿ ಅಂತ ಅಲ್ಲಿ 100 ಹಾಕಿದರೆ ಒಳಗೆ ಕಿಡಿ ಹಾರುತ್ತದೆ.

ದೋಷ ಸಿಕ್ಕಿ ಸರಿ ಮಾಡಿದ ಮೇಲೆ ಸ್ಪೀಕರ್ ಹಾಕಿ, ವಾಲ್ಯೂಮ್ ಸೊನ್ನೆಯಲ್ಲಿಟ್ಟು ಒಂದು ಗಂಟೆ ಓಡಿಸಿ. ಐದನೇ, ಇಪ್ಪತ್ತನೇ ಮತ್ತು ಅರವತ್ತನೇ ನಿಮಿಷದಲ್ಲಿ ಎರಡೂ ವಾಲ್ವ್‌ನ ಮಿಲಿವೋಲ್ಟ್, ಎಚ್‌ಟಿ, ಮನೆಯ ವೋಲ್ಟೇಜ್ ಬರೆದಿಡಿ. ಇಪ್ಪತ್ತರಿಂದ ಅರವತ್ತರ ನಡುವೆ ಎರಡು ಮೂರು ಮಿಲಿಆಂಪ್ ಅತ್ತಿತ್ತ ಆದರೆ ಪರವಾಗಿಲ್ಲ. ಒಂದು ಬದಿ ಮಾತ್ರ ಏರುತ್ತಲೇ ಹೋದರೆ ಮತ್ತೆ ಆ ಬದಿಯ ಪಿನ್ 5ಕ್ಕೆ ಹೋಗಿ. ಬರೆದ ಚೀಟಿಯನ್ನು ಕ್ಯಾಬಿನೆಟ್‌ನ ಒಳಗೆ ಅಂಟಿಸಿ, ತಾರೀಖು ಹಾಕಿ. ಮುಂದಿನ ಜೂನ್‌ನಲ್ಲಿ ಅಳೆದಾಗ ಹೋಲಿಸಿ ನೋಡಲು ಅದೇ ಬೇಕಾಗುತ್ತದೆ.